ಪಟ್ಟಿಯಲ್ಲಿಲ್ಲದ ಹಕ್ಕಿ

ಹಕ್ಕಿ ಪುಸ್ತಕ ದಪ್ಪ ಇದ್ದಷ್ಟೂ ತಲೆನೋವು ಜಾಸ್ತಿ. ಭಾರತದಲ್ಲಿ 1300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಬೇವಿನ ಮರದಲ್ಲಿ ಕೂತ ಒಂದು ಕಂದು ಹಕ್ಕಿಗಾಗಿ ಪುಟ ತಿರುವಿದರೆ ಅಂಥವೇ ಹತ್ತಿಪ್ಪತ್ತು ಸಿಗುತ್ತವೆ. ಒಂದು ಹಿಮಾಲಯದ್ದು, ಒಂದು ಅಸ್ಸಾಮಿನದ್ದು, ಇನ್ನೊಂದು ಪಶ್ಚಿಮ ಘಟ್ಟದ್ದು. ಅವೆಲ್ಲ ಕಲಬುರಗಿಯ ಬಿಸಿಲಿಗೆ ಯಾಕೆ ಬಂದಾವು?

ಅದಕ್ಕೇ ನನಗೆ ಜಿಲ್ಲೆಯ ಪಟ್ಟಿ ಇಷ್ಟ. ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಇ-ಬರ್ಡ್ ಅಂತ ಒಂದು ಜಾಲತಾಣ ಇದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ಕಂಡ ಹಕ್ಕಿಗಳನ್ನು ಊರು, ಹೊತ್ತಿನ ಸಮೇತ ಬರೆದು ಹಾಕಬಹುದು. ಹಾಗೆ ಜಿಲ್ಲೆಯ ಪಟ್ಟಿ ಬೆಳೆಯುತ್ತದೆ. ಪ್ರತಿ ಹೆಸರಿನ ಮುಂದೆ ಹನ್ನೆರಡು ತಿಂಗಳಿಗೆ ಹಸಿರು ಪಟ್ಟೆ. ಪಟ್ಟೆ ದಪ್ಪ ಇದ್ದ ತಿಂಗಳು ಹಕ್ಕಿ ಕಂಡವರು ಹೆಚ್ಚು. ಖಾಲಿ ಇದ್ದರೆ ಹುಷಾರು. ಮೇ ತಿಂಗಳ ಕೊನೆಗೆ ಯಾರಾದರೂ ಗುಲಾಬಿ ಕಬ್ಬಕ್ಕಿಯ ಹಿಂಡು ಕಂಡೆ ಅಂದರೆ ನಾನು ಸುಮ್ನೆ ನಕ್ಕುಬಿಡುತ್ತೇನೆ. ಅವು ಆಗ ಮಧ್ಯ ಏಷ್ಯಾದ ಕಡೆ ಮರಿ ಮಾಡುತ್ತಿರುತ್ತವೆ.

ಬೆಂಗಳೂರಿನಿಂದ ಬರುವ ನಮ್ಮ ಭಾವನಿಗೆ ಲಾಲ್‌ಬಾಗಿನ ಕುಟ್ರು ಹಕ್ಕಿ ಇಲ್ಲೂ ಕೂಗಬೇಕು ಅಂತ ಹಟ. ಇಲ್ಲಿ ಕೂಗುವುದು ಕಂಚುಕುಟಿಗ. ಏಪ್ರಿಲ್ ಮಧ್ಯಾಹ್ನ, ಬೀದಿಯಲ್ಲಿ ನಾಯಿ ಕೂಡ ಓಡಾಡದ ಹೊತ್ತಿನಲ್ಲಿ, ಟುಕ್, ಟುಕ್, ಟುಕ್ ಅಂತ ಒಂದೇ ಸಮ. ಎಲ್ಲಿದೆ ಅಂತ ಹುಡುಕುವುದೇ ಒಂದು ಸಾಹಸ. ಕೂಗುವಾಗ ಅದು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತದೆ. ಸದ್ದು ಒಮ್ಮೆ ಪಕ್ಕದ ಮನೆಯಿಂದ ಬಂದಂತೆ, ಒಮ್ಮೆ ಹಿಂದಿನ ಗಲ್ಲಿಯಿಂದ ಬಂದಂತೆ ಕೇಳುತ್ತದೆ. ಅಷ್ಟು ಹೊತ್ತೂ ಹಕ್ಕಿ ಎದುರಿನ ಅರಳಿ ಮರದಲ್ಲೇ, ಬಾಯಿ ಮುಚ್ಚಿಕೊಂಡು, ಗಂಟಲು ಉಬ್ಬಿಸಿಕೊಂಡು ಕೂತಿರುತ್ತದೆ.

ಕಣ್ಣಿಗೆ ಸಿಗದ ಇಂಥವಕ್ಕೆ ದನಿಮುದ್ರಣವೇ ಗತಿ. ಜೆನೋ-ಕ್ಯಾಂಟೊ ಅನ್ನುವ ದನಿಗಳ ಸಂಗ್ರಹ 2005ರಿಂದ ಇದೆ, ನೆದರ್ಲೆಂಡ್ಸ್‌ನದು. ಅಲ್ಲಿ ಪ್ರತಿ ಕೂಗಿಗೂ ಎಲ್ಲಿ, ಯಾವಾಗ ಮುದ್ರಿಸಿದ್ದು ಅಂತ ಇರುತ್ತದೆ. ಗುಣಮಟ್ಟಕ್ಕೆ ಎ ಇಂದ ಇ ವರೆಗೆ ದರ್ಜೆಯೂ ಇದೆ. ನಾನು ದರ್ಜೆಗಿಂತ ಮೊದಲು ಊರು ನೋಡುತ್ತೇನೆ. ಊರು ಬದಲಾದರೆ ಕೆಲವು ಹಕ್ಕಿಗಳ ಹಾಡೂ ಬದಲಾಗುತ್ತದೆ. ನಮ್ಮ ಕಡೆಯ ಮಾತಿಗೂ ಮೈಸೂರಿನ ಮಾತಿಗೂ ವ್ಯತ್ಯಾಸ ಇಲ್ವಾ? ಶ್ರೀಲಂಕಾದ ಸೊಗಸಾದ ಮುದ್ರಣಕ್ಕಿಂತ ದಖ್ಖನ್ನಿನ ಗರಗರ ಮುದ್ರಣ ವಾಸಿ.

ಮರ್ಲಿನ್ ಆ್ಯಪ್ ಅಂತೂ 2021ರಿಂದ ತಾನೇ ಕೇಳಿ ತಾನೇ ಹೆಸರು ಹೇಳುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಜಾಣ ಹುಡುಗನ ಹಾಗೆ. ಉತ್ತರ ಬಹಳ ಸಲ ಸರಿ ಇರುತ್ತದೆ. ಆದರೆ ಕಾಜಾಣದಂಥ ಖದೀಮನ ಮುಂದೆ ಯಾವ ಜಾಣತನ ನಡೆದೀತು? ಅದು ಬಿಜ್ಜು ಅನ್ನುವ ಗಿಡುಗದ ಕೂಗನ್ನು ಹಾಗ್ಹಾಗೇ ಕೂಗುತ್ತದೆ. ಗೊರವಂಕಗಳು ಗಿಡುಗ ಬಂತೆಂದು ದಿಕ್ಕಾಪಾಲು. ಅವು ಬಿಟ್ಟು ಹೋದ ಹುಳ ಇದರ ಬಾಯಿಗೆ. ಬಿಜ್ಜು ನಮ್ಮ ಜಿಲ್ಲೆಯ ಪಟ್ಟಿಯಲ್ಲೂ ಇರುವುದರಿಂದ ಇಲ್ಲಿ ಪಟ್ಟಿಯ ಆಟವೂ ನಡೆಯುವುದಿಲ್ಲ. ಕತ್ತು ಎತ್ತಿ ನೋಡಲೇಬೇಕು.

ಕೆಲವಕ್ಕೆ ಆ್ಯಪೂ ಬೇಡ. ಬೆಳಗಿನ ಜಾವ ತೊಗರಿ ಹೊಲದ ಬದುವಿನಿಂದ ಗೌಜಗ ‘ಪಟೀಲಾ, ಪಟೀಲಾ, ಪಟೀಲಾ’ ಅಂತ ಏರುದನಿಯಲ್ಲಿ ಕೂಗುತ್ತದೆ. ನಮ್ಮ ಕಡೆ ಊರಿಗೆ ಹತ್ತು ಮನೆ ಪಾಟೀಲರು. ಯಾರನ್ನು ಕರೆಯುತ್ತಿದೆಯೋ ಗೊತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟು. ಮುದ್ರಿಸಿದ ಕೂಗನ್ನು ಇಯರ್‌ಫೋನಿನಲ್ಲಿ ಕೇಳಬೇಕು. ಹಕ್ಕಿ ಹೊರಗೆ ಬರಲಿ ಅಂತ ಮರದ ಕೆಳಗೆ ಜೋರಾಗಿ ಹಾಕುವವರಿದ್ದಾರೆ. ಗೂಡು ಕಟ್ಟುವ ಕಾಲದಲ್ಲಿ ಗಂಡು ಹಕ್ಕಿ, ತನ್ನ ಜಾಗಕ್ಕೆ ಇನ್ನೊಬ್ಬ ಬಂದನೆಂದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಒಂದು ಫೋಟೊಕ್ಕೆ ಅಷ್ಟು ಸತಾಯಿಸಬೇಕಾ?

ಪಟ್ಟಿಯನ್ನು ನಂಬುವಾಗಲೂ ಸ್ವಲ್ಪ ತಡೆಯಬೇಕು. ಜನ ಹೋದಲ್ಲಿ ಮಾತ್ರ ಹಕ್ಕಿ ಕಾಣುತ್ತದೆ. ಯಾದಗಿರಿ ಜಿಲ್ಲೆಯಲ್ಲಿ ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮಕ್ಕೆ ದುರ್ಬೀನು ಹಿಡಿದು ಹೋಗುವವರಿದ್ದಾರೆ. ಜಾಲಿ ಬೆಳೆದ ಬರಡು ನೆಲಕ್ಕೆ ಯಾರು ಹೋಗುತ್ತಾರೆ? ನೆಲಗುಬ್ಬಿ, ಹಳದಿ ಟಿಟ್ಟಿಭ ಇರುವುದೇ ಅಂಥ ಕಡೆ. ಹಾಗಾಗಿ ಫೆಬ್ರುವರಿಯಲ್ಲಿ ನಾಲ್ಕು ದಿನದ ಹಕ್ಕಿ ಎಣಿಕೆ ಬಂದಾಗ ನಾನು ಹೊಲದ ಕಡೆಯೇ ಹೋಗುತ್ತೇನೆ. ಹದಿನೈದು ನಿಮಿಷ ನಿಂತು, ಕಾಗೆ ಗುಬ್ಬಿ ಬಿಡದೆ ಎಣಿಸಿದರೆ ಒಂದು ಪಟ್ಟಿ ಆಯಿತು.

ಈ ಸಲ ಬಿಳಿಜೋಳದ ಹೊಲದ ಮೇಲೆ ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಎದ್ದು ಎದ್ದು ಇಳಿಯುತ್ತಿದ್ದವು. ಅಟ್ಟಣಿಗೆ ಮೇಲೆ ಕವಣಿ ಬೀಸುತ್ತಿದ್ದ ಮುತ್ಯಾ ನನ್ನನ್ನೇ ನೋಡಿ ಕೇಳಿದರು, “ಏನ್ ಬರಕೊಳ್ಳಾಕತ್ತೀರಿ ಸರ?”

“ಹಕ್ಕಿ ಎಷ್ಟದಾವ ಅಂತ ಮುತ್ಯಾ.”

“ಎಷ್ಟು ಜೋಳ ತಿಂದಾವ ಅಂತನೂ ಬರಕೊಳ್ರಿ ಮತ್ತ.”

ಇ-ಬರ್ಡ್‌ನಲ್ಲಿ ಟಿಪ್ಪಣಿಗೆ ಜಾಗ ಇದೆ. ಸುಮಾರು ಐದುನೂರು ಅಂತ ಸಂಖ್ಯೆ ಹಾಕಿ, ಪಕ್ಕದಲ್ಲಿ ‘ಜೋಳ ತಿನ್ನುತ್ತಿವೆ, ರೈತರ ತಕರಾರಿದೆ’ ಅಂತ ಬರೆದೆ.