ಬಂದಿದ್ದೇ ಬಂದಿದ್ದೀವಿ

"ಏನೂ ತೊಂದ್ರೆ ಆಗ್ಲಿಲ್ಲ ಕಣೇ. ಹೀಗೆ ಹೋದ್ವಿ, ಹಾಗೆ ಬಂದ್ವಿ."

ಇವತ್ತು ಬೆಳಗ್ಗೆ ನಮ್ಮತ್ತೆ ಮೈಸೂರಿನಲ್ಲಿರುವ ತಂಗಿಗೆ ಫೋನಿನಲ್ಲಿ ಹೀಗೆ ಹೇಳುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಸೀದ ವಾಸನೆ ಬಂತು. ನನ್ನ ಹೊಟ್ಟೆಯೇ ಉರಿಯುತ್ತಿರಬೇಕು ಅಂತ ಸುಮ್ಮನಿದ್ದೆ. ನೋಡಿದರೆ ಕಾವಲಿಯ ಮೇಲಿನ ದೋಸೆಯೂ ಕರಕಲಾಗಿತ್ತು.

ಹೀಗೆ ಹೋಗಿ ಹಾಗೆ ಬಂದ ಲೆಕ್ಕ ಒಪ್ಪಿಸುತ್ತೇನೆ, ನೀವೇ ನೋಡಿ. ಭಾನುವಾರ ಮನೆ ಬಿಟ್ಟದ್ದು ಬೆಳಗ್ಗೆ 9.20ಕ್ಕೆ, ವಾಪಸ್ ಬಂದದ್ದು ಮಧ್ಯಾಹ್ನ 2.40ಕ್ಕೆ. ಹೋಗಬೇಕಾಗಿದ್ದ ದೇವಸ್ಥಾನ ಒಂದು, ಹೋದದ್ದು ನಾಲ್ಕು. ಹೋಗುವಾಗ ಮಕ್ಕಳ ಕಾಲಲ್ಲಿ ನಾಲ್ಕು ಶೂ ಇದ್ದವು, ಬರುವಾಗ ಮೂರು.

ಎಲ್ಲಕ್ಕೂ ಮೂಲ ಗುಂಡನ ಮೂಗು. ಎರಡೂವರೆ ವರ್ಷದ ನನ್ನ ಮಗನನ್ನು ಪ್ಲೇಹೋಮಿಗೆ ಸೇರಿಸಿದ ದಿನ ಸುರಿಯೋಕೆ ಶುರುವಾದ ಆ ಮೂಗು ಇನ್ನೂ ನಿಂತಿಲ್ಲ. ಹೋದ ತಿಂಗಳು ಒಂದು ರಾತ್ರಿ ಜ್ವರವೂ ಏರಿತು. ಅತ್ತೆ ದೇವರ ಮನೆಗೆ ಹೋಗಿ ಬಸವನಗುಡಿಯ ದೊಡ್ಡ ಗಣಪತಿಗೆ ಹರಕೆ ಹೊತ್ತು ಬಂದರು. ಬೆಳಗ್ಗೆ ಜ್ವರ ಇಳಿದಿತ್ತು. ಇಳಿಸಿದ್ದು ಡಾಕ್ಟರು ಬರೆದುಕೊಟ್ಟ ಸಿರಪ್ ಅಂತ ನಾನು, ಗಣಪತಿ ಅಂತ ಅವರು. ಆದರೆ ಮೂರು ಜನ ಸೇರಿ ಕೈಕಾಲು ಅದುಮಿ ಕುಡಿಸಿದ ಆ ಸಿರಪ್ಪನ್ನು ಗುಂಡ ಒಂದು ತೊಟ್ಟೂ ಬಿಡದೆ ನನ್ನ ನೈಟಿ ಮೇಲೆ ಉಗಿದದ್ದು ನೆನಪಾದಾಗ, ಗಣಪತಿಯೇ ಇರಬೇಕು ಅಂತ ನನಗೂ ಒಳಗೊಳಗೇ ಅನ್ನಿಸುತ್ತದೆ.

ಹರಕೆ ದೊಡ್ಡದೇನಲ್ಲ. ಒಂದು ಗರಿಕೆ ಹಾರ, ಎರಡು ತೆಂಗಿನಕಾಯಿ. "ಏಳಕ್ಕೆ ಹೊರಟ್ರೆ ತಿಂಡಿ ಹೊತ್ತಿಗೆ ಮನೇಲಿರ್ತೀವಿ" ಅಂದರು ಅತ್ತೆ. ಏಳು ಹೇಗೆ ಒಂಬತ್ತು ಇಪ್ಪತ್ತಾಯಿತು ಅಂತ ಮಕ್ಕಳಿರುವ ಮನೆಯವರು ಕೇಳುವುದಿಲ್ಲ, ಮಕ್ಕಳಿಲ್ಲದವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಬೀಗ ಹಾಕಿದ ಮೇಲೆ "ಅಮ್ಮಾ, ಕಕ್ಕ" ಅನ್ನುವ ಸ್ವರ ಕೇಳಿದವರು ಬಲ್ಲರು.

ನಮ್ಮದು ಚಿಕ್ಕ ಕಾರು. ಮಂಡಿನೋವಿನ ಅತ್ತೆಗೆ ಮುಂದಿನ ಸೀಟು. ಹಿಂದೆ ಅರ್ಧ ಜಾಗ ಗುಂಡನ ಕಾರ್ ಸೀಟಿಗೆ, ಕಾಲು ಭಾಗ ಆರು ವರ್ಷದ ಪುಟ್ಟಿಗೆ. ಉಳಿದ ಕಾಲಿನಲ್ಲಿ ನಾನು, ನನ್ನ ತೊಡೆ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಗರಿಕೆ ಹಾರ, ಹಾರವನ್ನು ಪುಟ್ಟಿ ಎಳೆಯದ ಹಾಗೆ ಅದರ ಮೇಲೆ ನನ್ನ ಕೈ. ವಿದ್ಯಾರಣ್ಯಪುರದಿಂದ ಬಸವನಗುಡಿಯವರೆಗೂ ನಾನು ಮೂಗು ತುರಿಸಿಕೊಂಡಿಲ್ಲ.

ದೊಡ್ಡ ಗಣಪತಿಯ ಬಳಿ ಇಳಿಸಿ ನಮ್ಮನೆಯವರು "ನೀವು ನಡೀರಿ, ನಾನು ಪಾರ್ಕಿಂಗ್ ನೋಡ್ಕೊಂಡು ಬರ್ತೀನಿ" ಅಂತ ಹೊರಟುಹೋದರು. ಅವರಿಗೆ ಪಾರ್ಕಿಂಗ್ ಯಾವಾಗಲೂ ಪ್ರಸಾದ ಕೊಡುವ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಇದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಗಣಪತಿ ಎದುರು ನಿಂತರೆ ನಿಜಕ್ಕೂ ಮಾತು ನಿಲ್ಲುತ್ತದೆ. ಒಂದೇ ಕಲ್ಲಿನಲ್ಲಿ ಕಡೆದ, 18 ಅಡಿ ಎತ್ತರ, 16 ಅಡಿ ಅಗಲದ ಮೂರ್ತಿ. ಬೆಣ್ಣೆ ಅಲಂಕಾರ ಮಾಡುವ ದಿನ ನೂರು ಕೆಜಿಗೂ ಹೆಚ್ಚು ಬೆಣ್ಣೆ ಬೇಕು ಅಂತ ಅತ್ತೆ ಹೇಳಿದರು. "ಅಷ್ಟಕ್ಕೆ ಎಷ್ಟು ಬ್ರೆಡ್ಡು ಬೇಕು?" ಅಂದಳು ಪುಟ್ಟಿ. ನಾನು ಕೈ ಮುಗಿದೆ. ಕಣ್ಣು ಮುಚ್ಚಲಿಲ್ಲ. ದೇವಸ್ಥಾನದಲ್ಲಿ ನಾನು ಕಣ್ಣು ಮುಚ್ಚಿ ಆರು ವರ್ಷವಾಯಿತು. ಒಂದು ಕಣ್ಣು ದೇವರ ಮೇಲಿದ್ದರೆ ಇನ್ನೊಂದು ಗುಂಡನ ಮೇಲಿರಬೇಕು, ಇಲ್ಲದಿದ್ದರೆ ಅವನು ಪಕ್ಕದವರ ಹೂವಿನ ಬುಟ್ಟಿಯಿಂದ ಬಾಳೆಹಣ್ಣು ಎತ್ತಿರುತ್ತಾನೆ.

ಮಂಗಳಾರತಿ ಆಯಿತು, ಕಾಯಿ ಒಡೆದಾಯಿತು, ಹರಕೆ ತೀರಿತು. ಪಾರ್ಕಿಂಗ್ ಸಿಕ್ಕಿದವರೂ ಬಂದರು. ಗಂಟೆ ಹತ್ತೂಮುಕ್ಕಾಲು. ಗುಂಡನ ಕಾಲಿಗೆ ಶೂ ಹಾಕುತ್ತಾ ಬಗ್ಗಿದ್ದೆ. ಅದು ಹೆಜ್ಜೆ ಊರಿದರೆ ಕೀಚ್ ಅನ್ನುವ, ಎತ್ತಿದರೆ ಲೈಟು ಹತ್ತುವ ಶೂ. ಆಗ ನನ್ನ ತಲೆಯ ಮೇಲುಗಡೆಯಿಂದ ಕೇಳಿಸಿತು.

"ಬಂದಿದ್ದೇ ಬಂದಿದ್ದೀವಿ..."

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಮದುವೆಯಾಗಿ ಎಂಟು ವರ್ಷದಲ್ಲಿ ಅತ್ತೆ ಈ ವಾಕ್ಯವನ್ನು ಪೂರ್ತಿ ಮುಗಿಸಿದ್ದನ್ನು ನಾನು ಕೇಳಿಲ್ಲ. ಮುಗಿಸುವ ಅಗತ್ಯವೇ ಇಲ್ಲ. ಅದು ಪ್ರಶ್ನೆಯಲ್ಲ, ಆದ್ದರಿಂದ ಬೇಡ ಅನ್ನೋಕೆ ಬರುವುದಿಲ್ಲ. ಆಜ್ಞೆಯೂ ಅಲ್ಲ, ಆದ್ದರಿಂದ ಸಿಟ್ಟು ಮಾಡಿಕೊಳ್ಳೋಕೂ ಬರುವುದಿಲ್ಲ. ನಿಟ್ಟುಸಿರಿನ ಹಾಗೆ ಹೊರಗೆ ಬಿಟ್ಟು, ಆಗಲೇ ಆ ಕಡೆ ಎರಡು ಹೆಜ್ಜೆ ಹಾಕಿರುತ್ತಾರೆ. ಆ ಹೊತ್ತಿಗೆ ಮಂಡಿಯೂ ನೋಯುವುದಿಲ್ಲ. ತುಮಕೂರಿಗೆ ಒಂದು ಮುಹೂರ್ತಕ್ಕೆ ಅಂತ ಹೋದವರು ಸಿದ್ಧಗಂಗೆ, ದೇವರಾಯನದುರ್ಗ ಮುಗಿಸಿ, ಬರುವಾಗ ದಾರಿಯಲ್ಲಿ ಶಿವಗಂಗೆಯ ಬುಡದಲ್ಲಿ ನಿಂತು ಬೆಟ್ಟ ನೋಡಿ "ಬಂದಿದ್ದೇ ಬಂದಿದ್ದೀವಿ" ಅಂದಾಗ ನಾನು ಏಳು ತಿಂಗಳ ಬಸುರಿ. ಪುಟ್ಟಿಯ ಹೆರಿಗೆಯ ದಿನ ವಾರ್ಡಿಗೆ ಬಂದ ಹೆರಿಗೆ ಡಾಕ್ಟರಿಗೆ ಇದೇ ಮಾತು ಹೇಳಿ ತಮ್ಮ ಮಂಡಿ ತೋರಿಸಿದವರು ಅವರು. ಡಾಕ್ಟರು ಪಾಪ, ಒತ್ತಿ ನೋಡಿದರು ಕೂಡ.

ದೊಡ್ಡ ಬಸವಣ್ಣ ಅಲ್ಲೇ ಮೇಲೆ, ನಾಲ್ಕು ಹೆಜ್ಜೆ. ಹೋದೆವು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಗುಡಿ. ಎಣ್ಣೆ ಕುಡಿದು ಕರ್ರಗೆ ಹೊಳೆಯುವ, ಆಳಿಗಿಂತ ಎರಡು ಪಟ್ಟಿಗೂ ಮಿಗಿಲಾದ ಬಸವ. ಅತ್ತೆ ಪುಟ್ಟಿಗೆ ಕಥೆ ಹೇಳಿದರು: ಸುಂಕೇನಹಳ್ಳಿ ರೈತರ ಕಡಲೆಕಾಯಿಯನ್ನೆಲ್ಲ ಒಂದು ಬಸವ ದಿನಾ ಬಂದು ಮೇಯುತ್ತಿತ್ತು, ರೈತ ಸಿಟ್ಟಿನಿಂದ ಹೊಡೆದ, ಅದು ಕಲ್ಲಾಯಿತು, ಕಲ್ಲಾದರೂ ಬೆಳೀತಾನೇ ಇತ್ತು, ಕೊನೆಗೆ ನೆತ್ತಿಯ ಮೇಲೆ ತ್ರಿಶೂಲ ನೆಟ್ಟ ಮೇಲೆ ನಿಂತಿತು. ಅದಕ್ಕೇ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ.

ನಮ್ಮನೆಯವರಿಗೆ ಇಂಥ ಕಡೆ ಸುಮ್ಮನಿರೋಕೆ ಆಗುವುದಿಲ್ಲ. "ಅಮ್ಮಾ, ಕಡಲೆಕಾಯಿ ನಮ್ಮ ದೇಶದ್ದೇ ಅಲ್ಲ. ದಕ್ಷಿಣ ಅಮೆರಿಕದಿಂದ ಬಂದದ್ದು" ಅಂದರು.

"ಅದಕ್ಕೇ ಕಣೋ ಬಸವಣ್ಣಂಗೆ ಹೊಸ ರುಚಿ ಹತ್ತಿದ್ದು" ಅಂದರು ಅತ್ತೆ.

ಪುಟ್ಟಿಯ ಚಿಂತೆ ಬೇರೆ. ಚೆನ್ನಾಗಿ ತಿಂದರೆ ಎತ್ತರ ಬೆಳೀತೀಯ ಅಂತ ದಿನಾ ನಾನು ಅವಳ ಬಾಯಿಗೆ ತುರುಕುತ್ತೇನಲ್ಲ. "ಜಾಸ್ತಿ ತಿಂದ್ರೆ ತಲೆ ಮೇಲೆ ಚುಚ್ತಾರಾ?" ಅಂತ ಕೇಳಿದಳು. ಅವತ್ತಿನಿಂದ ಊಟ ಅರ್ಧ ತಟ್ಟೆಗೆ ನಿಂತಿದೆ.

ಹೊರಗೆ ಬಂದರೆ ಗುಂಡನ ಚಡ್ಡಿ ಒದ್ದೆ. ಬ್ಯೂಗಲ್ ರಾಕಿನ ಒಂದು ಬಂಡೆ ಮೇಲೆ ಮಲಗಿಸಿ ಬದಲಾಯಿಸಿದೆ. ಆ ಬಂಡೆಗೆ 300 ಕೋಟಿ ವರ್ಷ ವಯಸ್ಸಂತೆ. ಅಷ್ಟು ವರ್ಷ ಬಿಸಿಲು ಮಳೆ ತಡೆದು ಕೂತದ್ದು ಇದಕ್ಕಾ ಅಂತ ಬೇಸರವಾಗಿರಬೇಕು ಅದಕ್ಕೆ.

ಗಾಂಧಿ ಬಜಾರಿನ ಕಡೆಯಿಂದ ತುಪ್ಪದ ಘಮ ಬಂತೋ, ಹಸಿವಿಗೆ ನನಗೇ ಹಾಗನ್ನಿಸಿತೋ. ಧೈರ್ಯ ಮಾಡಿ ನಾನೂ ಒಂದು ಸಲ ಆ ಮಂತ್ರ ಹೇಳಿ ನೋಡಿದೆ. "ಬಂದಿದ್ದೇ ಬಂದಿದ್ದೀವಿ ಅತ್ತೆ, ವಿದ್ಯಾರ್ಥಿ ಭವನದಲ್ಲಿ ಒಂದೊಂದು ಮಸಾಲೆ ದೋಸೆ..." 1943ರಿಂದ ದೋಸೆ ಹುಯ್ಯುತ್ತಿರುವವರು, ನಮಗೆ ಐದು ಹುಯ್ಯಲಾರರೇ?

ಅತ್ತೆ ನನ್ನನ್ನು ಆಶ್ಚರ್ಯದಿಂದ ನೋಡಿದರು. "ಮನೇಲಿ ಹಿಟ್ಟಿದೆಯಲ್ಲಮ್ಮ!"

ಮಂತ್ರ ಎಲ್ಲರ ಬಾಯಲ್ಲೂ ಫಲಿಸುವುದಿಲ್ಲ, ಉಪದೇಶ ಆಗಿರಬೇಕು ಅಂತ ಕಾಣುತ್ತದೆ.

ಮೂರನೇ ಗುಡಿ ಕಾರಂಜಿ ಆಂಜನೇಯನದು. ಅಲ್ಲಿ ನಮ್ಮನೆಯವರಿಗೆ ಎಂದಿನಂತೆ ಪಾರ್ಕಿಂಗ್ ಸಿಗಲಿಲ್ಲ, ಗುಂಡನಿಗೆ ನಿದ್ದೆಯ ಹಟ, ಪುಟ್ಟಿಗೆ ಬಾಯಾರಿಕೆ. ಅಲ್ಲಿಗೆ ಮುಗಿಯಿತು ಅಂದುಕೊಂಡು ಕಾರು ಹತ್ತಿದ ಮೇಲೆ ಮುಂದಿನ ಸೀಟಿನಿಂದ ಅದೇ ನಿಟ್ಟುಸಿರು. "ಗವಿಪುರ ಇಲ್ಲೇ ಪಕ್ಕ. ಇಷ್ಟು ದೂರ ಬಂದು ಗಂಗಾಧರೇಶ್ವರಂಗೆ ಮುಖ ತೋರಿಸದೆ ಹೋದ್ರೆ ಏನಂದ್ಕೋತಾನೆ?" ಏನೂ ಅಂದುಕೊಳ್ಳುವುದಿಲ್ಲ ಅಂತ ನನಗೆ ನಂಬಿಕೆ ಇತ್ತು. ಅವನಿಗೂ ಇಬ್ಬರು ಮಕ್ಕಳು.

ಗವಿ ಗಂಗಾಧರೇಶ್ವರನ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅಂತ ಕಂಬದ ಮೇಲೆ ಕೂರಿಸಿದ ದೊಡ್ಡ ಕಲ್ಲಿನ ತಟ್ಟೆಗಳಿವೆ. ಅದನ್ನು ಲಾಲಿಪಾಪ್ ಅಂತ ಅಕ್ಕ ತಮ್ಮ ಒಮ್ಮತದಿಂದ ತೀರ್ಮಾನಿಸಿದರು. ಒಳಗೆ ಪುಟ್ಟಿ ಒಂದು ಮೂರ್ತಿಯ ಮುಂದೆ ನಿಂತು ಬೆರಳು ಮಡಿಸತೊಡಗಿದಳು. ಅಗ್ನಿ ದೇವರು. ಎರಡು ತಲೆ, ಏಳು ಕೈ, ಮೂರು ಕಾಲು. "ಅಮ್ಮಾ, ಏಳು ಕೈ ಯಾಕೆ?" ನನ್ನ ಒಂದು ಕೈಯಲ್ಲಿ ಗುಂಡ, ಇನ್ನೊಂದರಲ್ಲಿ ಒಡೆದ ಕಾಯಿ, ಭುಜದ ಮೇಲೆ ಬ್ಯಾಗು, ಕಂಕುಳಲ್ಲಿ ನೀರಿನ ಬಾಟಲಿ, ಕಿರುಬೆರಳಿಗೆ ಒದ್ದೆ ಚಡ್ಡಿಯ ಕವರು, ಹಲ್ಲಿನಲ್ಲಿ ಅರ್ಚನೆ ಚೀಟಿ. ಏಳು ಯಾಕೆ ಅಂತ ಬಾಯಿ ಬಿಟ್ಟು ಹೇಳುವ ಹಾಗೂ ಇರಲಿಲ್ಲ. ಮೂರನೇ ಕಾಲೂ ಆಗಬಹುದು. ಎರಡನೇ ತಲೆ ಮಾತ್ರ ಬೇಡ, ಇರುವ ಒಂದೇ ಸಾಕಷ್ಟು ನೋಯುತ್ತಿತ್ತು.

ಚೀಟಿ ಕೈಗೆ ತಗೊಳ್ಳೋಣ ಅಂತ ಗುಂಡನನ್ನು ಒಂದು ಗಳಿಗೆ ಕೆಳಗೆ ಇಳಿಸಿದೆ. ಓಡಿದ.

ಈ ಗುಡಿ ಗೊತ್ತಿದ್ದವರಿಗೆ ಗೊತ್ತು, ಪ್ರದಕ್ಷಿಣೆಯ ದಾರಿ ಗುಹೆಯೊಳಗೇ. ಬಂಡೆ ತಲೆಗೆ ತಗಲುತ್ತದೆ, ಬಗ್ಗಿಯೇ ನಡೆಯಬೇಕು. ನಾವು ಬಗ್ಗಬೇಕು. ಮೂರಡಿಯೂ ಇಲ್ಲದ ಗುಂಡ ಬಗ್ಗಬೇಕಾಗಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಜಗತ್ತು ತನ್ನ ಅಳತೆಗೆ ಸರಿಯಾಗಿ ಸಿಕ್ಕಿತು ಅನ್ನುವ ಹಾಗೆ ನೆಟ್ಟಗೆ, ತಲೆ ಎತ್ತಿ, ಎರಡೂ ಕೈ ಬಿಚ್ಚಿ ಓಡಿದ. ಹಿಂದೆ ನಾನು ಸೀರೆಯಲ್ಲಿ, ಬ್ಯಾಗಿನೊಂದಿಗೆ, ಕೋತಿಯ ಭಂಗಿಯಲ್ಲಿ. ಒಂದು ಸುತ್ತು. ಕೈಗೆ ಸಿಕ್ಕ ಅನ್ನುವಷ್ಟರಲ್ಲಿ ಒಬ್ಬ ಯಜಮಾನರ ಪಂಚೆಯ ಪಕ್ಕದಿಂದ ನುಸುಳಿದ. ಎರಡು ಸುತ್ತು. ಬ್ಯಾಗಿನಿಂದ ಒಂದು ಹೋಳು ಕಾಯಿ ಬಿತ್ತು, ಹಿಂದೆ ಬರುತ್ತಿದ್ದವರು ಭಕ್ತಿಯಿಂದ ಎತ್ತಿಕೊಟ್ಟರು. ಮೂರನೇ ಸುತ್ತಿಗೆ ನನ್ನ ಸೊಂಟ ಬಗ್ಗಿದ ಕಡೆಯೇ ನಿಂತಿತು. ಗೋಡೆಗೊರಗಿ ಕೂತಿದ್ದ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು, "ನೋಡ್ರೀ, ತಾಯಿ ಮಗೂಗೆ ಎಷ್ಟು ಶ್ರದ್ಧೆ. ಮೂರೂ ಸುತ್ತು ಬಿಡಲಿಲ್ಲ."

ಹಿಡಿದದ್ದು ಅತ್ತೆ. ಅವರು ಓಡಲಿಲ್ಲ, ದಾರಿ ಹೊರಬರುವ ಕಡೆ ನಿಂತಿದ್ದರು ಅಷ್ಟೆ. ಬಂದವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು, ಪುಟ್ಟಿಯ ಕೈ ಹಿಡಿದರು, ನನ್ನ ಭುಜದಿಂದ ಬ್ಯಾಗು ಇಳಿಸಿ ಮಗನ ಭುಜಕ್ಕೆ ನೇತುಹಾಕಿದರು. "ನೀನು ನಿಂತ್ಕೊಂಡು ಕಣ್ಣು ಮುಚ್ಚಿ ನಮಸ್ಕಾರ ಮಾಡಮ್ಮ. ನಾನಿದೀನಿ."

ಕೈಗಳು ಎಷ್ಟು ಹಗುರಾದವು ಅಂದರೆ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಮುಗಿದೆ. ಕಣ್ಣು ಮುಚ್ಚಿದೆ. ಕಲ್ಲಿನ ತಂಪು, ಎಣ್ಣೆ ಕಮಟು, ಎಲ್ಲೋ ಗಂಟೆ. ಏನಾದರೂ ಕೇಳಿಕೊಳ್ಳಬೇಕಲ್ಲ ಅಂತ ಹುಡುಕಿದೆ. ಮಕ್ಕಳ ಮೂಗು ನೆನಪಾಯಿತು, ಗ್ಯಾಸ್ ಆಫ್ ಮಾಡಿದೆನಾ ಅಂತ ನೆನಪಾಯಿತು. ಆಮೇಲೆ ನಮ್ಮಮ್ಮ ನೆನಪಾದಳು. ಚಿಕ್ಕವರಿದ್ದಾಗ ನಮ್ಮ ಮೂವರನ್ನು ಕಟ್ಟಿಕೊಂಡು ಪ್ರತಿ ಶನಿವಾರ ಗುಡಿಗೆ ಹೋಗುತ್ತಿದ್ದಳು. ದೇವರ ಮುಂದೆ ನಿಂತ ಅಮ್ಮನ ಮುಖ ಈಗಲೂ ಕಣ್ಣಿಗೆ ಕಟ್ಟಿದೆ, ಅದರಲ್ಲಿ ಕಣ್ಣು ಮುಚ್ಚಿಲ್ಲ. ನಮ್ಮನ್ನೇ ನೋಡುತ್ತಿದ್ದಾಳೆ.

ಅಲ್ಲಿಂದ ಮುಂದೆ ಏನಾಯಿತು ಗೊತ್ತಿಲ್ಲ. "ಅಮ್ಮ ಗೊರಕೆ ಹೊಡೀತಿದಾಳೆ" ಅಂತ ಪುಟ್ಟಿ ಗುಹೆಯೆಲ್ಲ ಮೊಳಗುವ ಹಾಗೆ ಹೇಳಿದಾಗ ಎಚ್ಚರವಾಯಿತು. ನಿಂತಲ್ಲೇ, ಕೈ ಮುಗಿದುಕೊಂಡೇ. ಒಂದು ನಿಮಿಷ ಇರಬಹುದು. ಈ ವರ್ಷದ ಒಳ್ಳೆಯ ನಿದ್ದೆ ಅದೇ.

ಹೊರಗೆ ಬಂದು ಚಪ್ಪಲಿಯ ಕವರು ಬಿಚ್ಚಿದಾಗ ಗುಂಡನದು ಒಂದೇ ಶೂ. ಎಡಗಾಲಿನದು. ಬಲಗಾಲಿನದು ನಾಲ್ಕರಲ್ಲಿ ಯಾವ ದೇವರ ಪಾಲಾಯಿತೋ, ಅವನೇ ಎಲ್ಲಿ ಕಿತ್ತೆಸೆದನೋ. ಕಾರಿನ ಸೀಟಿನಡಿ ಹುಡುಕಿದೆವು, ಬ್ಯಾಗು ತಲೆಕೆಳಗು ಮಾಡಿದೆವು. ಪೇಟೆಯಲ್ಲಿ ಒಂದೇ ಶೂ ಮಾರುವುದಿಲ್ಲ. ಹೊಸ ಜೊತೆಗೆ ಮತ್ತೆ ಐನೂರು ರೂಪಾಯಿ ಅಂತ ನಾನು ಗೊಣಗುತ್ತಿದ್ದರೆ ಅತ್ತೆಯ ಮುಖ ಅರಳಿತ್ತು. "ದೇವಸ್ಥಾನದಲ್ಲಿ ಚಪ್ಪಲಿ ಕಳೆದ್ರೆ ಶನಿ ಕಳೆದ ಹಾಗೆ. ಮಗೂದು ಪೀಡೆ ಹೋಯ್ತು ಬಿಡು."

"ಒಂದೇ ಕಾಲಿಂದು ಕಳೆದಿದೆಯಲ್ಲಮ್ಮ" ಅಂದರು ನಮ್ಮನೆಯವರು, ತಮಾಷೆಗೆ.

ತಮಾಷೆಗೆ ಅಂದದ್ದು ತಪ್ಪಾಯಿತು. ಅತ್ತೆ ವಿದ್ಯಾರಣ್ಯಪುರದವರೆಗೂ ಮಾತಾಡಲಿಲ್ಲ. ಯೋಚನೆ ಮಾಡುತ್ತಿದ್ದರು. ಏನು ಅಂತ ನನಗೆ ಗೊತ್ತಾದದ್ದು ಇವತ್ತು ಬೆಳಗ್ಗೆ, ಸೀದ ದೋಸೆಯನ್ನು ಕಾವಲಿಯಿಂದ ಕೆರೆಯುವಾಗ.

"ಅರ್ಧ ಅಷ್ಟೇ ಕಣೇ ಕಳೆದಿರೋದು. ಇನ್ನೊಂದು ಶೂ ಮನೇಲೇ ಕೂತಿದೆ. ಅದನ್ನೂ ಅಲ್ಲೇ ಬಿಟ್ಟು ಬರಬೇಕಲ್ಲ, ಬರೋ ಭಾನುವಾರ ಹೊರಟಿದೀವಿ. ಹೋಗಿದ್ದೇ ಹೋಗ್ತೀವಿ, ಹಾಗೇ ರಾಗಿಗುಡ್ಡ, ಬನಶಂಕರಿ... ನೀನೂ ಶನಿವಾರಾನೇ ಬಂದ್ಬಿಡು. ಅಯ್ಯೋ, ಕಾರಲ್ಲಿ ಬೇಕಾದಷ್ಟು ಜಾಗ ಇದೆ!"