‘ನಡಿತೈತಿ ತಗೋರಿ’ ಅಂದ ನೀಲಿ ವೈರು

ಪುಣೆಗೆ ಬಂದು 11 ವರ್ಷ ಆಯ್ತು. ಅಂಗಡಿಯವರ ಹತ್ತಿರ ಬೈಸಿಕೊಳ್ಳೋದು ಮಾತ್ರ ಇನ್ನೂ ರೂಢಿ ಆಗಿಲ್ಲ.

ಆಫೀಸಿನ ಗೆಳೆಯನೊಬ್ಬ ಊರು ಬಿಡುವಾಗ ತನ್ನ 24 ಇಂಚಿನ ಮಾನಿಟರ್ ನನಗೆ ಮಾರಿದ. ಹೆಚ್ಚು ಕಡಿಮೆ ಹೊಸದೇ, ಕೇಬಲ್ ಮಾತ್ರ ಇರಲಿಲ್ಲ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರೋ ತಪಕೀರ್ ಗಲ್ಲಿಗೆ ಹೋದೆ. ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇತ್ತು, ಅಂಗಡಿಯ ಅಜ್ಜ ಆಗಲೇ ಶಟರಿನ ಕಡೆ ನೋಡ್ತಿದ್ದ. ಮಾನಿಟರಿಗೆ ಒಂದು ಕೇಬಲ್ ಕೊಡಿ ಅಂದೆ. ಹಿಂದೆ ಯಾವ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸೋ ಕಿಂಡಿ, ಇದೆ ಅಂತ ಕೇಳಿದ. ನೋಡಿಲ್ಲ ಅಂದೆ. ಕನ್ನಡಕದ ಮೇಲಿಂದ ನನ್ನ ನೋಡಿ, ‘ಆಧೀ ಮಾಗೇ ಬಘಾ, ಮಗ ಯಾ’ ಅಂದ. ಮೊದಲು ಹಿಂದೆ ನೋಡು, ಆಮೇಲೆ ಬಾ. ಅಷ್ಟೇ, ಶಟರ್ ಎಳೆದ.

ಸಂಜೆ ಮಾನಿಟರಿನ ಹಿಂಭಾಗದ ಫೋಟೋ ತಗೊಂಡು ಮತ್ತೆ ಹೋದೆ. ನೋಡಿದ. ‘ಕಂಪ್ಯೂಟರಿನ ಹಿಂದೆ?’ ಅಂದ. ಅದರ ಫೋಟೋ ತಗೊಂಡಿರಲಿಲ್ಲ. ಹೀಗೆ ಮೂರು ಸಲ ಅಡ್ಡಾಡಿ ಆಮೇಲೆ ಕೈಗೆ ಕೇಬಲ್ ಸಿಕ್ಕಿತು. ಎರಡೂ ಕಡೆ ಎಚ್‌ಡಿಎಂಐ ಪೋರ್ಟ್ ಇದೆ, ಹಾಗಾದರೆ ಆ ಕೇಬಲನ್ನೇ ಹಾಕು, ಹಳೇ ನಮೂನೆಯ ವಿಜಿಎ ಕಡೆ ನೋಡಲೇಬೇಡ ಅಂದ. ನಾನೇ ಹುಮ್ಮಸ್ಸಿನಲ್ಲಿ ಗಾಜಿನ ಕಪಾಟಿನಲ್ಲಿದ್ದ ಬಂಗಾರದ ಬಣ್ಣದ ತುದಿಯ ಕೇಬಲ್ ತೋರಿಸಿದೆ, ಒಂದೂವರೆ ಸಾವಿರದ್ದು. ಒಂದೂವರೆ ಮೀಟರಿಗೆ ಅದು ಯಾಕೆ, ಚಿತ್ರ ಇದರಲ್ಲೂ ಅದೇ ಬರುತ್ತೆ ಅಂತ 250 ರೂಪಾಯಿದು ಕೊಟ್ಟ. ದುಬಾರಿ ಮಾಲು ಮಾರೋಕೆ ಒಪ್ಪದ ಅಂಗಡಿಯವನನ್ನ ನಾನು ಅವತ್ತೇ ನೋಡಿದ್ದು. ಚಹಾ ಇರಲಿ, ಒಂದು ನಗೆ ಕೂಡ ಕೊಡಲಿಲ್ಲ ಮಾತ್ರ.

ಇದಾಗಿ ಎರಡೇ ವಾರಕ್ಕೆ ಪಂಚಮಿ. ಊರಿಗೆ ಹೋದೆ.

ನಮ್ಮ ಅಣ್ಣ ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯೋ ಕೆಲಸ ಮಾಡ್ತಾನೆ. ಅಮರಗೋಳದ ಎಪಿಎಂಸಿ ವ್ಯಾಪಾರಿಗಳ ಟ್ಯಾಲಿ, ಜಿಎಸ್‌ಟಿ, ಎಲ್ಲ ಮನೆಯಲ್ಲೇ. ಅವನೂ ಹೊಸ ಮಾನಿಟರ್ ತಂದಿದ್ದ. ನಾನು ಹೋದಾಗ ಕುತ್ತಿಗೆ ಮುಂದೆ ಚಾಚಿ ಪರದೆಗೆ ಮೂಗು ತಾಗಿಸಿ ಕೂತಿದ್ದ. ‘ಕಣ್ಣು ತೋರಿಸ್ಕೊಂಡ್ ಬಂದೇನೋ ತಮ್ಮಾ, ನಂಬರ್ ಏನೂ ಬದಲಾಗಿಲ್ಲಂತ, ಆದ್ರೂ ಮೂರು ಯಾವ್ದು ಎಂಟು ಯಾವ್ದು ಗೊತ್ತಾಗ್ವಲ್ದು’ ಅಂದ. ನಾನೂ ಬಗ್ಗಿ ನೋಡಿದೆ. ಪ್ರತಿ ಅಂಕಿಯ ಬಲಕ್ಕೆ ಒಂದು ತೆಳು ನೆರಳು, ಒದ್ದೆ ಕಾಗದದ ಮೇಲೆ ಇಂಕು ಹರಡಿದ ಹಾಗೆ. 38,830 ಅನ್ನೋದು ಬರೀ ಸೊನ್ನೆಗಳ ಸಾಲಿನ ಹಾಗೆ ಕಾಣ್ತಿತ್ತು.

ಹಿಂದೆ ಕೈ ಹಾಕಿದೆ. ನೀಲಿ ತುದಿಯ ವಿಜಿಎ ವೈರು, ಎರಡೂ ಕಡೆ ಸ್ಕ್ರೂ ಬಿಗಿ. ಹಳೇ ಮಾನಿಟರಿಂದೇ. ಅದರ ಪಕ್ಕದಲ್ಲೇ ಎಚ್‌ಡಿಎಂಐ ಪೋರ್ಟು ಖಾಲಿ, ಪ್ಲಾಸ್ಟಿಕ್ ಮುಚ್ಚಳ ಕೂಡ ತೆಗೆದಿರಲಿಲ್ಲ. ಹೊಸ ಎಚ್‌ಡಿಎಂಐ ಕೇಬಲ್ ಡಬ್ಬಿಯ ಒಳಗೆ ಕಟ್ಟು ಬಿಚ್ಚದೆ ಮಲಗಿತ್ತು. ಯಾರು ಹಾಕಿದ್ದು ಅಂದರೆ, ಅಂಗಡಿ ಹುಡುಗ ಮನೆಗೇ ಬಂದು ಹಾಕಿಕೊಟ್ಟು ಹೋದನಂತೆ. ಅಣ್ಣ ಹೊಸ ವೈರ್ ಬಗ್ಗೆ ಕೇಳಿದ್ದಕ್ಕೆ ‘ಇದ್ದ ವೈರ್ ಚಲೋ ಐತ್ರಿ, ನಡಿತೈತಿ ತಗೋರಿ’ ಅಂದನಂತೆ.

ನಡಿತೈತಿ ತಗೋರಿ! ನಮ್ಮ ಕಡೆ ಇದೊಂದು ಮಾತಿನ ಮೇಲೆ ಎಷ್ಟು ಕೆಲಸ ನಡೀತಾವೆ ಅಂತ ಲೆಕ್ಕ ಹಾಕಿದರೆ ತಲೆ ತಿರುಗುತ್ತೆ. ಕೊಪ್ಪೀಕರ್ ರೋಡಿನಲ್ಲಿ ಯಾವ ಅಂಗಡಿಗೆ ಹೋದರೂ ಮೊದಲು ಕುಂದರ್ರಿ, ಆಮೇಲೆ ಚಾ, ಆಮೇಲೆ ಯಾವ ಓಣಿ, ಯಾರ ಪೈಕಿ ಅನ್ನೋ ವಿಚಾರಣೆ. ಅಪ್ಪನ ಹೆಸರು ಕೇಳ್ತಾರೆ, ಪೋರ್ಟ್ ಯಾವುದು ಅಂತ ಕೇಳಲ್ಲ. ಕೇಳಿದರೆ ಗಿರಾಕಿಗೆ ಗೊತ್ತಿಲ್ಲ ಅಂತ ತೋರಿಸಿದ ಹಾಗೆ ಆಗುತ್ತೆ ಅನ್ನೋ ಮುಲಾಜು ಬೇರೆ. ಪುಣೆಯ ಅಜ್ಜನಿಗೆ ಆ ಮುಲಾಜೇ ಇಲ್ಲ. ಅದಕ್ಕೇ ನನ್ನ ಪರದೆಯಲ್ಲಿ ಮೂರು ಮೂರಾಗೇ ಇದೆ.

ಅಣ್ಣನಿಗೆ ಹೇಳಿದೆ. ಕಂಪ್ಯೂಟರಿನ ಒಳಗೆ ಚಿತ್ರ ಇರೋದೇ ಅಂಕಿಯಾಗಿ. ವಿಜಿಎ ವೈರಿಗೆ ಅಂಕಿ ಹೊರೋಕೆ ಬರಲ್ಲ, ವೋಲ್ಟೇಜ್ ಏರಿಳಿತ ಅಷ್ಟೇ ಹೊರುತ್ತೆ. ಹಾಗಾಗಿ ಈ ಕಡೆ ಅಂಕಿಯನ್ನ ವೋಲ್ಟೇಜ್ ಮಾಡಬೇಕು, ಆ ಕಡೆ ಮಾನಿಟರು ಅದನ್ನ ಮತ್ತೆ ಅಂಕಿ ಮಾಡಬೇಕು. ನಿನ್ನ ಕನ್ನಡ ಪತ್ರವನ್ನ ಮರಾಠಿಗೆ ಮಾಡಿಸಿ, ಆ ಮರಾಠಿಯನ್ನ ಮತ್ತೆ ಕನ್ನಡಕ್ಕೆ ಮಾಡಿಸಿ ಓದಿದ ಹಾಗೆ. ಅರ್ಥ ಆಗುತ್ತೆ, ಅಕ್ಷರ ತಪ್ಪಿರುತ್ತೆ. ಅದರಲ್ಲೂ ಈಗಿನ ಚಪ್ಪಟೆ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಅಂದರೆ 20 ಲಕ್ಷಕ್ಕೂ ಜಾಸ್ತಿ ಚುಕ್ಕಿ. ಒಂದು ಚುಕ್ಕಿ ಎಲ್ಲಿ ಮುಗೀತು, ಮುಂದಿನದು ಎಲ್ಲಿ ಶುರುವಾಯ್ತು ಅಂತ ಮಾನಿಟರು ಆ ಏರಿಳಿತ ನೋಡಿ ಅಂದಾಜು ಮಾಡಬೇಕು. ಅಂದಾಜು ಕೂದಲೆಳೆಯಷ್ಟು ತಪ್ಪಿದರೂ ಸಾಕು, ಎಂಟಕ್ಕೂ ಮೂರಕ್ಕೂ ಫರಕು ಉಳಿಯಲ್ಲ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಆ ಬಿಳಿ ತುದಿಯ ಡಿವಿಐ-ಡಿ, ಇವೆಲ್ಲ ಅಂಕಿಯನ್ನ ಅಂಕಿಯಾಗೇ ಕಳಿಸ್ತಾವೆ. ಅಲ್ಲಿ ವೈರಿನಿಂದ ಮಬ್ಬಾಗೋದು ಅನ್ನೋದೇ ಇಲ್ಲ. ಬಂದರೆ ಪೂರ್ತಿ ಬರುತ್ತೆ, ಕೆಟ್ಟರೆ ಪರದೆ ಮಿಣಮಿಣ ಅನ್ನುತ್ತೆ, ಇಲ್ಲಾ ಕಪ್ಪಾಗುತ್ತೆ.

‘ಹಂಗಾರ ಇದನ್ನ ಯಾಕ ಮಾಡಿದ್ರು?’ ಅಂದ ಅಣ್ಣ. ಕೇಳಬೇಕಾದ ಪ್ರಶ್ನೆಯೇ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರಿನ ಜೊತೆ ವಿಜಿಎ ತಂದಾಗ ಮೇಜಿನ ಮೇಲೆ ಇದ್ದದ್ದು ಹಿಂದೆ ಗೂನು ಇರೋ ಪಿಕ್ಚರ್ ಟ್ಯೂಬಿನ ಮಾನಿಟರ್. ಆ ಟ್ಯೂಬಿಗೆ ವೋಲ್ಟೇಜೇ ಬೇಕಿತ್ತು, ಅಂಕಿ ಕೊಟ್ಟರೆ ಅದಕ್ಕೇನು ತಿಳಿಯಬೇಕು. ಟ್ಯೂಬ್ ಹೋಯ್ತು, ವೈರ್ ಉಳೀತು. 2010ರಲ್ಲೇ ಇಂಟೆಲ್, ಎಎಂಡಿ ಮತ್ತೆ ಕೆಲವು ದೊಡ್ಡ ಕಂಪನಿಗಳು 2015ರ ಹೊತ್ತಿಗೆ ವಿಜಿಎ ಬಿಡ್ತೀವಿ ಅಂದಿದ್ದವು. ಆ ಸುದ್ದಿ ನಮ್ಮೂರಿನ ಬಸ್ ಇನ್ನೂ ಹತ್ತಿಲ್ಲ, ಅಷ್ಟೇ.

ವೈರ್ ಬದಲಾಯಿಸಿದೆ. ಐದು ನಿಮಿಷದ ಕೆಲಸ. ಅಣ್ಣ ಹಿಂದೆ ಸರಿದು ಕುರ್ಚಿಗೆ ಬೆನ್ನು ಆನಿಸಿ ಕೂತ. ‘ಹೌದಲೇ’ ಅಂದ. ನೀಲಿ ವೈರನ್ನ ಬಿಸಾಕೋಣ ಅಂದರೆ ವೈನಿ, ಅಂದರೆ ಅತ್ತಿಗೆ, ಕೈಯಿಂದ ಕಸಿದುಕೊಂಡು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಅಟ್ಟದ ಮೇಲಿನ ಚೀಲಕ್ಕೆ ಸೇರಿಸಿದರು. ಆ ಚೀಲದಲ್ಲಿ ನಮ್ಮ ಮನೆಯ ಮೊದಲ ಮೊಬೈಲಿನ ಚಾರ್ಜರ್ ಕೂಡ ಇದೆ. ನಾನು ಉಂಡಿ ತಿಂತಾ ಭಾಷಣ ಬೇರೆ ಮಾಡಿದೆ, ಹಳೇದನ್ನ ಬಿಡೋಕೆ ಕಲಿಯಿರಿ ಅಂತ. ಯಾರೂ ಉತ್ತರ ಕೊಡಲಿಲ್ಲ.

ಪುಣೆಗೆ ವಾಪಸ್ ಬಂದ ತಿಂಗಳೇ, 20ನೇ ತಾರೀಖು, ರಾತ್ರಿ ಒಂಬತ್ತರ ಮೇಲೆ ಅಣ್ಣನ ಫೋನು. ಪರದೆ ಕಪ್ಪು. ಇನ್ನೂ ನಾಲ್ಕು ಮಂದಿಯ 3ಬಿ, ಅಂದರೆ ಜಿಎಸ್‌ಟಿಯ ತಿಂಗಳ ರಿಟರ್ನು, ಕಟ್ಟೋದು ಬಾಕಿ. ಅಣ್ಣನ ಮಗ ಟೇಬಲ್ ಕೆಳಗೆ ಕ್ರಿಕೆಟ್ ಬಾಲ್ ಹುಡುಕೋಕೆ ಹೋಗಿ ವೈರಿಗೆ ಕಾಲು ಹಾಕಿದ್ದ. ಎಚ್‌ಡಿಎಂಐಗೆ ಸ್ಕ್ರೂ ಇಲ್ಲ ನೋಡಿ, ಸುಮ್ನೆ ಸಿಕ್ಕಿಸೋದು. ಅರ್ಧ ಕಳಚಿ, ತುದಿ ಸೊಟ್ಟಾಗಿತ್ತು. ಒತ್ತು ಅಂದೆ, ತೆಗೆದು ಹಾಕು ಅಂದೆ. ಫೋನಿನಲ್ಲಿ ಇನ್ನೇನು ಹೇಳೋದು.

ಅಂಗಡಿ ಹುಡುಗನಿಗೆ ಫೋನ್ ಮಾಡಿದರೆ ಹತ್ತೂವರೆಗೆ ಸ್ಕೂಟರ್ ಮೇಲೆ ಬಂದನಂತೆ. ಆ ಹೊತ್ತಿನಲ್ಲಿ ತಪಕೀರ್ ಗಲ್ಲಿಯ ಅಜ್ಜ ನನ್ನ ಫೋನ್ ಎತ್ತುತ್ತಿದ್ದನಾ? ಅವನ ನಂಬರೇ ನನ್ನ ಹತ್ತಿರ ಇಲ್ಲ, ಕೇಳೋಕೆ ಧೈರ್ಯವೂ ಇಲ್ಲ. ಹುಡುಗ ಬಂದವನೇ ಹಿಂದೆ ನೋಡಿ, ‘ಹಳೇ ವೈರ್ ಎಲ್ಲೈತ್ರಿ ಅಕ್ಕಾರ?’ ಅಂತ ವೈನಿಯನ್ನ ಕೇಳಿದ. ಚೀಲ ಅಟ್ಟದಿಂದ ಇಳಿಯಿತು. ಸ್ಕ್ರೂ ಬಿಗಿ ಮಾಡಿ, ಮಾನಿಟರಿನ ಕೆಳಗಿನ ಆಟೋ ಬಟನ್ ಒತ್ತಿದ. ನೆರಳು ಸುಮಾರು ಕಮ್ಮಿ ಆಯ್ತಂತೆ. ಆ ಬಟನ್ ಇರೋದೇ ಅದಕ್ಕೆ, ಚುಕ್ಕಿಯ ಅಂದಾಜನ್ನ ಮಾನಿಟರು ಹೊಸದಾಗಿ ಹಾಕೋಕೆ. ಪಂಚಮಿಯಲ್ಲಿ ಅಷ್ಟು ಮಾತಾಡಿದ ನನಗೆ ಅದು ನೆನಪೇ ಆಗಿರಲಿಲ್ಲ. ಹುಡುಗ ದುಡ್ಡು ತಗೊಳ್ಳದೆ ಚಾ ಕುಡಿದು ಹೋದ. ಮರುದಿನ ಅಣ್ಣ ಹೊಸ ಎಚ್‌ಡಿಎಂಐ ತಂದು ಹಾಕಿಕೊಂಡ, ಅದು ಬೇರೆ ಮಾತು.

ಅವತ್ತು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಮತ್ತೆ ಅಣ್ಣನ ಫೋನು. ಹಿಂದೆ ವೈನಿ ನಗ್ತಿದ್ದದ್ದು ಕೇಳಿಸ್ತಿತ್ತು.

‘ಸ್ವಲ್ಪ ಮಬ್ಬ ಐತಿ. ಆದ್ರ ನೀ ಬಿಸಾಕಂದ ವೈರಿನ್ಯಾಗ ನಾಕೂ 3ಬಿ ಹೋದ್ವು ನೋಡಪಾ. ಮಲ್ಕೋ ಇನ್ನ.’