ಸತ್ಯಾಂಶ: ತಿಂಗಳ ಮರಿಯನ್ನೇ ತಂದರೆ ನಾಯಿ ಹೆಚ್ಚು ಹೊಂದಿಕೊಳ್ಳುತ್ತದೆಯೇ?

"30 ದಿನ ತುಂಬುವುದರೊಳಗೆ ಮರಿಯನ್ನು ತಂದು ಬಾಟಲಿ ಹಾಲು ಕುಡಿಸಿದರೆ ಅದು ನಿಮ್ಮನ್ನೇ ತಾಯಿಯೆಂದು ನಂಬುತ್ತದೆ" ಎಂಬ ವಾಟ್ಸಾಪ್ ಸಂದೇಶ ಸರಿಯಲ್ಲ. ಸುಮಾರು ಎರಡು ವಾರಕ್ಕೆ ಕಣ್ಣು ಬಿಡುವ ಮರಿಯು, ಮೂರನೆಯ ವಾರದಿಂದ ಒಡಹುಟ್ಟಿದವುಗಳೊಡನೆ ಕಚ್ಚಾಡುತ್ತ, ತನ್ನ ಸೂಜಿಯಂಥ ಹಾಲುಹಲ್ಲು ಜೋರಾಗಿ ನಾಟಿದಾಗ ಎದುರಿನ ಮರಿ ಕುಂಯ್ಗುಟ್ಟಿ ಆಟ ಬಿಟ್ಟು ಹೋಗುವುದನ್ನು ಕಂಡು, ಎಷ್ಟು ಮೆಲ್ಲಗೆ ಕಚ್ಚಬೇಕೆಂಬುದನ್ನು ಕಲಿಯುತ್ತದೆ. ಈ ಪಾಠವನ್ನು ನಾವು, ಎಷ್ಟೇ ಮುದ್ದು ಮಾಡಿದರೂ, ಅಷ್ಟು ಚೆನ್ನಾಗಿ ಕಲಿಸಲಾರೆವು. ಬೇಗ ಬೇರ್ಪಟ್ಟ ಮರಿಗಳಲ್ಲಿ ಅಂಜಿಕೆ, ಅತಿಯಾದ ಬೊಗಳುವಿಕೆ ಹೆಚ್ಚಾಗಿ ಕಾಣುತ್ತವೆ. ಎಂಟು ವಾರ ತುಂಬಿದ ಮೇಲೆ ತರುವುದೇ ಸೂಕ್ತ. ಹೊಸ ಜನರಿಗೆ, ಸದ್ದುಗಳಿಗೆ ಮರಿ ಸುಲಭವಾಗಿ ಒಗ್ಗುವ ಕಾಲ ಸುಮಾರು ಹನ್ನೆರಡನೆಯ ವಾರದವರೆಗೂ ಇರುವುದರಿಂದ, ಬಾಂಧವ್ಯಕ್ಕೆ ತಡವಾಯಿತೆಂಬ ಆತಂಕ ಬೇಡ. ಭಾರತದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರವೂ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ.